ಮಠದ ಅಂಗಳದಲ್ಲಿ ಕಿವಿ ಮುಚ್ಚಿಕೊಂಡ ಮಗು



ಹೋದ ವರ್ಷ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಮಠದಲ್ಲಿ ತಿಂಗಳಿಡೀ ಶರಣರ ಚರಿತ್ರೆಯ ಪ್ರವಚನ ನಡೆದಿತ್ತು. ಮಗಳು ತನ್ನ ಏಳು ವರ್ಷದ ಮಗನೊಂದಿಗೆ ತವರಿಗೆ ಬಂದಿದ್ದಳು. “ಅಪ್ಪಾ, ಇವನ್ನೂ ಒಂದಿನ ಕರಕೊಂಡು ಹೋಗೂಣು” ಅಂದಳು. ನನಗೂ ಆಸೆಯಿತ್ತು. ಸಂಜೆ ಬೇಗ ಹೋಗಿ ಮುಂದಿನ ಸಾಲಿನಲ್ಲಿಯೇ ಕುಳಿತೆವು. ಮುಂದೆ ಕುಳಿತರೆ ಮಗುವಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಬುದ್ಧಿವಂತಿಕೆ. ಎಡಗಡೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ವಚನ ಗಾಯನ ಶುರುವಾಯಿತು. ಮೊದಲ ತಬಲಾ ಪೆಟ್ಟಿಗೇ ಹುಡುಗ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ತಾಯಿಯ ಸೆರಗಿನೊಳಗೆ ತಲೆ ತೂರಿಸಿದ. ಎರಡನೆಯ ವಚನ ಮುಗಿಯುವಷ್ಟರಲ್ಲಿ ನೆಲಕ್ಕೆ ಬಿದ್ದು ಚೀರುತ್ತ ಹಣೆಯನ್ನು ಹಾಸುಗಲ್ಲಿಗೆ ಬಡಿದುಕೊಳ್ಳತೊಡಗಿದ. ಹಿಂದಿನಿಂದ ಒಬ್ಬರು “ಭಾಳ ಹಟಮಾರಿ ಐತಲ್ಲ” ಅಂದರು. ಇನ್ನೊಬ್ಬ ತಾಯಿ, ಒಳ್ಳೆಯ ಮನಸ್ಸಿನಿಂದಲೇ, “ಯವ್ವಾ, ಗಾಳಿ ಸೋಕೇತಿ, ದೃಷ್ಟಿ ತಗಸು” ಎಂದು ಹೇಳಿದರು. ವ್ಯವಸ್ಥೆಯ ಒಬ್ಬ ಹಿರಿಯರು ಬಂದು, “ಹೊರಗ ಕರಕೊಂಡು ಹೋಗ್ರಿ, ಪ್ರವಚನಕ್ಕ ಭಂಗ ಆಗ್ತೈತಿ” ಎಂದರು. ಮಗಳು ಅವನನ್ನು ಎತ್ತಿಕೊಂಡು ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ನಿಂತಳು. ನಾನು ಕೂಡಲೇ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಎಂಬ ನಾಚಿಕೆಯಿಂದ ಐದು ನಿಮಿಷ ಅಲ್ಲಿಯೇ ಕುಳಿತಿದ್ದೆ. ಆ ಐದು ನಿಮಿಷದ ಲೆಕ್ಕ ನನ್ನಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ಮನೆಗೆ ಬರುವಾಗ ಮಗಳು ಒಂದೇ ಮಾತು ಹೇಳಿದಳು: “ಇನ್ನ ಮ್ಯಾಲೆ ನೀವಷ್ಟ ಹೋಗ್ರಿ ಅಪ್ಪಾ.” ಈ ಲೇಖನ ಬರೆಯಲು ಆ ಮಾತೇ ಕಾರಣ.

ನನ್ನ ಮೊಮ್ಮಗನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ತನ್ನೊಳಗೆ ತಾನೇ ಲೀನನಾದವನು ಎಂಬ ಈ ಹೆಸರು ಕೇಳಲು ಚೆಂದ, ಆದರೆ ದಾರಿ ತಪ್ಪಿಸುತ್ತದೆ. ಹೊರಗಿನದು ಆ ಮಗುವಿಗೆ ತಟ್ಟುವುದಿಲ್ಲ ಎಂಬ ಭಾವನೆ ಹುಟ್ಟಿಸುತ್ತದೆ. ಎಷ್ಟೋ ಮಕ್ಕಳಲ್ಲಿ ಆಗುತ್ತಿರುವುದು ಅದರ ವಿರುದ್ಧ. ಹೊರಗಿನದೆಲ್ಲ ಅವರಿಗೆ ಮಿತಿಮೀರಿ ತಟ್ಟುತ್ತದೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಮೊದಲ ಪ್ರಬಂಧದಲ್ಲಿಯೇ ದೊಡ್ಡ ಸದ್ದಿಗೆ ಆ ಮಕ್ಕಳು ಹೆದರುವುದನ್ನೂ ಊಟದ ತೊಂದರೆಯನ್ನೂ ಗುರುತಿಸಿದ್ದ. ಆದರೂ ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿಯಲ್ಲಿ ಈ ಸಂವೇದನೆಯ ವಿಚಾರ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಎಪ್ಪತ್ತು ವರ್ಷ ಬೇಕಾಯಿತು.

ನಮ್ಮ ಮನೆಯಲ್ಲಿ ಇದು ಹೇಗಿದೆ ಎಂದು ಹೇಳುತ್ತೇನೆ. ಕುಕ್ಕರ್ ಸೀಟಿ ಹೊಡೆಯುವ ಮೊದಲೇ, ಒಳಗಿನ ಸಣ್ಣ ಸುಂಯ್ ಸದ್ದಿಗೇ ಅವನು ಹಿತ್ತಲಿಗೆ ಓಡುತ್ತಾನೆ. ನಮಗೆ ಕೇಳದ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಅವನಿಗೆ ಕೇಳುತ್ತದೆ. ಅಂಗಿಯ ಕೊರಳಪಟ್ಟಿಯ ಹಿಂದಿನ ಚೀಟಿಯನ್ನು ಕತ್ತರಿಸದಿದ್ದರೆ ದಿನವಿಡೀ ಅಳುತ್ತಾನೆ. ಒಗ್ಗರಣೆಯ ಘಾಟಿಗೆ ವಾಂತಿ ಮಾಡಿಕೊಳ್ಳುತ್ತಾನೆ. ಕಲಸಿದ ಅನ್ನ ಮುಟ್ಟುವುದಿಲ್ಲ. ಬರಿಯ ಅನ್ನ ಬೇರೆ, ಮೊಸರು ಬೇರೆ, ಒಂದಕ್ಕೊಂದು ತಾಗಬಾರದು. ಕ್ಷೌರ ಎಂದರೆ ನಮ್ಮ ಮನೆಯಲ್ಲಿ ಮೂರು ಜನರ ಕೆಲಸ. ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಅದೇ ಹುಡುಗ ಮೊಣಕಾಲು ತರಚಿ ರಕ್ತ ಸುರಿದರೂ ತಿರುಗಿ ನೋಡುವುದಿಲ್ಲ. ಹಸಿವಾದದ್ದು ಗೊತ್ತಾಗುವುದಿಲ್ಲ, ಮೂತ್ರದ ಅವಸರ ಕೊನೆಯ ಗಳಿಗೆಯವರೆಗೆ ತಿಳಿಯುವುದಿಲ್ಲ. ಗಿರಗಿರ ತಿರುಗಿದರೂ ತಲೆಸುತ್ತು ಬರುವುದಿಲ್ಲ. ಅಂಗಿಯ ತೋಳು ಕಚ್ಚಿ ಕಚ್ಚಿ ತೂತು ಮಾಡಿದ್ದಾನೆ. ಒಂದು ಇಂದ್ರಿಯದ ಬಾಗಿಲು ಸದಾ ಹಾರು ಹೊಡೆದಿದೆ, ಇನ್ನೊಂದರದು ಅರ್ಧ ಮುಚ್ಚಿದೆ. ಯಾವುದು ಯಾವ ದಿನ ಹೇಗಿರುತ್ತದೆ ಎಂಬುದೂ ಒಂದೇ ಸಮ ಇರುವುದಿಲ್ಲ. ನಿದ್ದೆ ಕೆಟ್ಟ ದಿನ, ಹೊಸ ಜಾಗಕ್ಕೆ ಹೋದ ದಿನ ಎಲ್ಲವೂ ಹೆಚ್ಚು.

ನಾವು ಇಂದ್ರಿಯಗಳು ಐದು ಎಂದು ಕಲಿತವರು. ಈ ಮಕ್ಕಳ ಜೊತೆ ಕೆಲಸ ಮಾಡುವವರು ಇನ್ನೂ ಮೂರನ್ನು ಸೇರಿಸುತ್ತಾರೆ. ದೇಹದ ಸಮತೋಲದ ಅರಿವು, ಕೈಕಾಲು ಎಲ್ಲಿವೆ ಎಷ್ಟು ಬಲ ಹಾಕಿವೆ ಎಂಬ ಸ್ನಾಯು ಕೀಲುಗಳ ಅರಿವು, ಹಸಿವು ನೀರಡಿಕೆ ಮುಂತಾದ ದೇಹದೊಳಗಿನ ಅರಿವು. ಇದನ್ನು ಕೇಳಿದಾಗ ನನಗೆ ಷಟ್‌ಸ್ಥಲ ನೆನಪಾಯಿತು. ಅಲ್ಲಿ ಮೂಗು ಆಚಾರಲಿಂಗಕ್ಕೆ, ನಾಲಗೆ ಗುರುಲಿಂಗಕ್ಕೆ, ಕಣ್ಣು ಶಿವಲಿಂಗಕ್ಕೆ, ಚರ್ಮ ಜಂಗಮಲಿಂಗಕ್ಕೆ, ಕಿವಿ ಪ್ರಸಾದಲಿಂಗಕ್ಕೆ, ಹೃದಯ ಮಹಾಲಿಂಗಕ್ಕೆ ಮುಖ. ಇಂದ್ರಿಯಗಳನ್ನು ಶತ್ರುಗಳೆಂದು ಬಗೆದು ಕೊಲ್ಲಹೊರಟವರಲ್ಲ ನಮ್ಮ ಶರಣರು. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ ಎಲ್ಲವನ್ನೂ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ದಾರಿ ತೋರಿದವರು. ಇಂದ್ರಿಯಗಳ ವಿಚಾರದಲ್ಲಿ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಪರಂಪರೆಯ ನಾವು, ಒಂದು ಮಗುವಿನ ಕಿವಿಗೆ ಶಬ್ದ ಪ್ರಸಾದವಾಗದೆ ಪೆಟ್ಟಾಗುತ್ತಿದೆ ಎಂಬುದನ್ನು ಮಠದ ಅಂಗಳದಲ್ಲಿಯೇ ಗುರುತಿಸಲಾರೆವು ಎಂದರೆ ಹೇಗೆ? ಶಾಸ್ತ್ರವನ್ನೂ ವಿಜ್ಞಾನವನ್ನೂ ನಾನು ಗಂಟು ಹಾಕುತ್ತಿಲ್ಲ. ಶರಣರಿಗೆ ಆಟಿಸಂ ಗೊತ್ತಿತ್ತು ಎಂಬಂಥ ಮಾತು ನನಗೆ ಸೇರುವುದೂ ಇಲ್ಲ. ನಾವು ದಿನಾ ಹೇಳಿಕೊಳ್ಳುವ ಮಾತಿಗೆ ನಾವೇ ಬದ್ಧರಾಗಿರಬೇಕು ಎಂಬಷ್ಟೇ ನನ್ನ ತಕರಾರು.

ತಕರಾರು ಮೊದಲು ನನ್ನ ಮೇಲೆಯೇ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ನೌಕರಿಯ ಮೊದಲ ವರ್ಷಗಳಲ್ಲಿ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗಂಟೆ ಬಾರಿಸಿದಾಗಲೆಲ್ಲ ಕಿವಿ ಮುಚ್ಚಿ ಬೆಂಚಿನ ಕೆಳಗೆ ಸೇರುತ್ತಿದ್ದ. ಉಳಿದ ಹುಡುಗರು ನಗುತ್ತಿದ್ದರು. ಅವನ ಭಯ ಬಿಡಿಸುತ್ತೇನೆಂದು ಒಂದು ವಾರ ಪ್ರತಿ ಪಿರಿಯಡ್ಡಿಗೂ ಅವನನ್ನು ಗಂಟೆಯ ಕೆಳಗೆ ನಿಲ್ಲಿಸಿದೆ. ಕೈ ಕಿವಿಗೆ ಹೋದರೆ ಬೆತ್ತ. ನಾಲ್ಕನೆಯ ತರಗತಿಗೆ ಅವನು ಬರಲಿಲ್ಲ. ದನ ಕಾಯಲು ಹೋಗುತ್ತಾನೆ ಎಂದು ಯಾರೋ ಹೇಳಿದರು. ನಾನು ಮನೆಗೆ ಹೋಗಿ ಕೇಳಲಿಲ್ಲ. ಮೊಮ್ಮಗ ಕಿವಿ ಮುಚ್ಚಿಕೊಂಡ ದಿನ ಆ ಹುಡುಗನ ಮುಖ ನೆನಪಾಗಬಾರದಿತ್ತು, ಆಯಿತು.

ಹಟಕ್ಕೂ ಇದಕ್ಕೂ ವ್ಯತ್ಯಾಸ ಉಂಟು. ಹಟ ಮಾಡುವ ಮಗು ನಡುನಡುವೆ ಕಣ್ಣು ತೆರೆದು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಳ್ಳುತ್ತದೆ. ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಸಂವೇದನೆಯ ಭಾರ ತಾಳದೆ ಕುಸಿದ ಮಗುವಿಗೆ ಕೇಳುವುದೇನೂ ಇರುವುದಿಲ್ಲ, ಸಕ್ಕರೆ ಕೊಟ್ಟರೂ ನಿಲ್ಲುವುದಿಲ್ಲ. ಬೈದರೆ ಬೈಗುಳವೂ ಇನ್ನೊಂದು ಸದ್ದು, ಗಟ್ಟಿಯಾಗಿ ಹಿಡಿದರೆ ಅದೂ ಇನ್ನೊಂದು ಪೆಟ್ಟು. ಆಗ ಮಾಡಬಹುದಾದ್ದು ಇಷ್ಟೇ: ಸದ್ದು ಬೆಳಕು ಕಡಿಮೆ ಇರುವ ಕಡೆ ಕರೆದೊಯ್ಯುವುದು, ಸುತ್ತಲಿನ ಜನರನ್ನು ಸರಿಸುವುದು, ಮಾತು ನಿಲ್ಲಿಸುವುದು, ಕಾಯುವುದು. ಇಪ್ಪತ್ತು ನಿಮಿಷವಾಗಬಹುದು, ಒಂದು ತಾಸೂ ಆಗಬಹುದು.

ಇನ್ನು ತಾಯಂದಿರ ಮಾತು. ಮಗು ಹೀಗಿದ್ದರೆ ನಮ್ಮಲ್ಲಿ ಮೊದಲು ಬೆರಳು ತೋರುವುದು ತಾಯಿಯ ಕಡೆಗೆ. ಬಸಿರಿದ್ದಾಗ ಗ್ರಹಣ ನೋಡಿದಳು, ಮೊಬೈಲ್ ನೋಡಿದಳು, ನೌಕರಿಗೆ ಹೋದಳು. ಕೊನೆಗೆ ಯಾವುದೂ ಸಿಗದಿದ್ದರೆ ಪೂರ್ವಜನ್ಮದ ಕರ್ಮ. ಪಶ್ಚಿಮದವರೂ ಇದನ್ನೇ ಮಾಡಿದರು. ಪ್ರೀತಿಯಿಲ್ಲದ ತಾಯಂದಿರಿಂದ ಆಟಿಸಂ ಬರುತ್ತದೆ ಎಂದು ಕಳೆದ ಶತಮಾನದ ನಡುವಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಬರೆದರು, ಆಮೇಲೆ ಅದು ಶುದ್ಧ ಸುಳ್ಳೆಂದು ಸಾಬೀತಾಯಿತು. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಪ್ರಕಟವಾದ ಪ್ರಬಂಧವನ್ನು ಅದೇ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆ ಗಾಳಿಮಾತು ಮಾತ್ರ ನಮ್ಮ ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಪಂಚಸೂತಕಗಳನ್ನು ಅಲ್ಲಗಳೆದ, ಹುಟ್ಟಿನ ಮೈಲಿಗೆಯನ್ನೇ ಒಪ್ಪದ ಧರ್ಮ ನಮ್ಮದು. ಹುಟ್ಟಿನಲ್ಲಿ ಹೊಲೆಯಿಲ್ಲ ಎಂದವರ ಮಕ್ಕಳು ಒಂದು ಕೂಸಿನ ಹುಟ್ಟಿನಲ್ಲಿ ಪಾಪ ಹುಡುಕುವುದು ಬಸವತತ್ವಕ್ಕೆ ಮಾಡುವ ಅಪಚಾರ. ಹಾಗೆ ಹೇಳುವವರು ಕಾವಿ ಉಟ್ಟವರಾಗಿದ್ದರೂ ಸರಿ, ನಾವು ಎದುರಾಡಬೇಕು.

ಚಿಕಿತ್ಸೆಯ ವಿಚಾರದಲ್ಲಿ ಎರಡು ಮಾತು. ಅಮೆರಿಕದ ಜೀನ್ ಏರ್ಸ್ ಎಂಬ ಮಹಿಳೆ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದವರು. ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತ ಅವರ ಪುಸ್ತಕ 1972ರಲ್ಲಿ ಬಂತು. ಇವತ್ತು ನಮ್ಮ ಊರುಗಳ ಥೆರಪಿ ಕೇಂದ್ರಗಳಲ್ಲಿ ಕಾಣುವ ಜೋಕಾಲಿ, ದೊಡ್ಡ ಚೆಂಡು, ಮೈ ತಿಕ್ಕುವ ಬ್ರಶ್ಶು ಇವೆಲ್ಲ ಆ ದಾರಿಯವು. (ಆಕ್ಯುಪೇಷನಲ್ ಥೆರಪಿಯನ್ನು ಔದ್ಯೋಗಿಕ ಚಿಕಿತ್ಸೆ ಎಂದು ಅನುವಾದಿಸುತ್ತಾರೆ. ಏಳು ವರ್ಷದವನಿಗೆ ಎಂಥ ಉದ್ಯೋಗ? ಉಣ್ಣುವುದು, ಉಡುವುದು, ಆಡುವುದು ಕೂಸಿನ ಕಾಯಕ. ಕಾಯಕ ಚಿಕಿತ್ಸೆ ಎಂದರೆ ನಮ್ಮವರಿಗೆ ಥಟ್ಟನೆ ತಿಳಿದೀತು.) ಕೆಲವು ಮಕ್ಕಳಿಗೆ ಇದರಿಂದ ಅನುಕೂಲವಾಗುತ್ತದೆ. ಆದರೆ ಇದಕ್ಕೆ ಇರುವ ಪುರಾವೆ ಸೀಮಿತ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಸ್ಥೆ 2012ರಲ್ಲಿಯೇ ಹೇಳಿದೆ. ಆದ್ದರಿಂದ ತಂದೆತಾಯಿಗಳು ಮೊದಲ ದಿನವೇ ಕೇಳಬೇಕು: ಯಾವ ತೊಂದರೆಗೆ ಈ ಚಿಕಿತ್ಸೆ? ಹಲ್ಲುಜ್ಜಿಸಿಕೊಳ್ಳುವುದಕ್ಕೋ, ತರಗತಿಯಲ್ಲಿ ಹತ್ತು ನಿಮಿಷ ಕೂರುವುದಕ್ಕೋ? ಎರಡು ಮೂರು ತಿಂಗಳಲ್ಲಿ ಆ ಒಂದು ಕೆಲಸದಲ್ಲಿ ಬದಲಾವಣೆ ಕಾಣದಿದ್ದರೆ ದಾರಿ ಬದಲಿಸಬೇಕು. ಹೊಲ ಅಡವಿಟ್ಟು ವರ್ಷಗಟ್ಟಲೆ ಹಣ ಸುರಿಯಬಾರದು. ಅದಕ್ಕಿಂತ ಮುಖ್ಯ, ಆಟಿಸಂ ಗುಣಪಡಿಸುತ್ತೇವೆಂದು ಆಕರಕೋಶದ ಚುಚ್ಚುಮದ್ದು ಕೊಡುವವರ ಬಳಿಗೆ ಹೋಗಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆಟಿಸಂಗೆ ಅದನ್ನು ಒಪ್ಪಿದ ಚಿಕಿತ್ಸೆಯಾಗಿ ಗುರುತಿಸಿಲ್ಲ. ಲಕ್ಷಗಟ್ಟಲೆ ಕಳೆದುಕೊಂಡ ಬೀಗರು ನಮ್ಮಲ್ಲಿಯೇ ಇದ್ದಾರೆ.

ಎಲ್ಲಿ ತೋರಿಸಬೇಕು ಎಂದು ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸರ್ಕಾರದ್ದೇ. ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕ್ಕ ಮಕ್ಕಳ ಬೆಳವಣಿಗೆಯ ತೊಂದರೆ ನೋಡಲು ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆ ಇದೆ, ಅಂಗನವಾಡಿಯ ಮೂಲಕವೂ ಅಲ್ಲಿಗೆ ಹೋಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರದಲ್ಲಿ ಶೇಕಡಾ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೈದ್ಯಕೀಯ ವೆಚ್ಚಕ್ಕೆ ಅವಕಾಶವಿದೆ. ಮರ್ಯಾದೆ ಹೋಗುತ್ತದೆ ಎಂದು ಪ್ರಮಾಣಪತ್ರವನ್ನೇ ಮಾಡಿಸದೆ ಮಗುವನ್ನು ಒಳಗಿಡುವವರು ನಮ್ಮ ಸಮಾಜದಲ್ಲಿ ಬಹಳ. ಹೆಣ್ಣು ಕೊಡುವವರು ಏನೆಂದಾರು, ತಂಗಿಯ ಮದುವೆ ಹೇಗೆ ಎಂಬ ಚಿಂತೆ ಅವರದು. ಆ ಭಯವನ್ನು ಹುಟ್ಟಿಸಿದವರು ನಾವೇ, ಬಿಡಿಸಬೇಕಾದವರೂ ನಾವೇ.

ಈಗ ನಮ್ಮ ಆಚರಣೆಗಳ ಮಾತಿಗೆ ಬರುತ್ತೇನೆ. ಇದು ಸ್ವಲ್ಪ ನಾಜೂಕಿನದು.

ಮೊಮ್ಮಗನಿಗೆ ಲಿಂಗಧಾರಣೆ ಮಾಡಿಸುವಾಗ ಮನೆಯಲ್ಲಿ ಜಗಳವೇ ಆಯಿತು. ಶಿವದಾರ ಕೊರಳಿಗೆ ತಾಗಿದರೆ ಅವನು ಕಿತ್ತು ಎಸೆಯುತ್ತಿದ್ದ. ಬೀಗರ ಕಡೆಯ ಹಿರಿಯರು, ಲಿಂಗ ಮೈಮೇಲಿಲ್ಲದವನನ್ನು ಪಂಕ್ತಿಯಲ್ಲಿ ಹೇಗೆ ಕೂರಿಸುವುದು ಎಂದರು. ಗುರುಗಳ ಬಳಿ ಹೋದೆ. ಅವರು ನಕ್ಕು, “ಕೊರಳಿಗೆ ಬ್ಯಾಡಾದ್ರ ಕೈಯಾಗ ಕೊಡ್ರಿ, ಕರಸ್ಥಲ ಇರೂದು ಯಾತಕ್ಕ?” ಅಂದರು. ಅಂಗೈಯಲ್ಲಿ ಇಟ್ಟರೆ ಅವನು ಒಲ್ಲೆ ಎನ್ನಲಿಲ್ಲ. ತಣ್ಣಗೆ, ನುಣುಪಾಗಿ, ಒಂದಿಷ್ಟು ಭಾರವಾಗಿ ಇರುವ ವಸ್ತು ಅವನಿಗೆ ಇಷ್ಟ. ಬೆಳಿಗ್ಗೆ ನನ್ನ ಪಕ್ಕದಲ್ಲಿ ಐದಾರು ನಿಮಿಷ ಹಿಡಿದು ಕೂರುತ್ತಾನೆ, ಆಮೇಲೆ ಅವನೇ ಕರಡಿಗೆಯಲ್ಲಿಟ್ಟು ಹೋಗುತ್ತಾನೆ. ಇದನ್ನು ಓದಿ ಯಾರೂ ಇಷ್ಟಲಿಂಗ ಪೂಜೆಯಿಂದ ಆಟಿಸಂ ವಾಸಿಯಾಗುತ್ತದೆ ಎಂದು ಕರಪತ್ರ ಹಂಚಬೇಡಿ, ಕೈ ಮುಗಿಯುತ್ತೇನೆ. ಇದು ಒಂದು ಮಗುವಿನ ಅಂಗೈಯ ಮಾತು. ಇನ್ನೊಂದು ಮಗುವಿಗೆ ಅದೇ ತಂಪು ಬೇಡವಾಗಬಹುದು. ವಿಭೂತಿಯನ್ನಂತೂ ಇವನು ಒಣ ಪುಡಿ ಎಂದು ಹಣೆಗೆ ಸೇರಿಸುವುದೇ ಇಲ್ಲ. ನಾವೂ ಬಿಟ್ಟಿದ್ದೇವೆ.

ದಾಸೋಹದಲ್ಲಿ ಕಷ್ಟ ಹೆಚ್ಚು. ಪ್ರಸಾದ ಚೆಲ್ಲಬಾರದು, ತಟ್ಟೆಯಲ್ಲಿ ಅಗುಳೂ ಉಳಿಯಬಾರದು ಎಂಬುದು ನಮ್ಮ ಶಿಸ್ತು. ಒಳ್ಳೆಯ ಶಿಸ್ತು, ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಸಾಲಿನಲ್ಲಿ ಬಡಿಸುವವರು ಕೇಳದೆ ಅನ್ನದ ಮೇಲೆ ಸಾರು ಸುರಿದರೆ ಈ ಮಗುವಿಗೆ ಆ ತಟ್ಟೆ ಮುಗಿಯಿತು. ಆಮೇಲೆ ಒತ್ತಾಯ, ಆಮೇಲೆ ಅಳು, ಆಮೇಲೆ ವಾಂತಿ. ಬಡಿಸುವ ಮೊದಲು ತಾಯಿಯನ್ನು ಒಂದು ಮಾತು ಕೇಳಿದರೆ ಪ್ರಸಾದವೂ ಉಳಿಯುತ್ತದೆ, ಮಗುವೂ ಉಣ್ಣುತ್ತದೆ. ಇನ್ನೂ ಒಂದು ಹೇಳಬೇಕು. ಭಾರ ಎತ್ತುವ, ತಳ್ಳುವ ಕೆಲಸ ಕೆಲವು ಮಕ್ಕಳನ್ನು ಶಾಂತಗೊಳಿಸುತ್ತದೆ ಎಂದು ಥೆರಪಿಯವರು ಹೇಳುತ್ತಾರೆ. ನಮ್ಮವನಿಗೆ ಅದು ಹೌದು. ಒಂದು ಮದುವೆಯಲ್ಲಿ ಅಡುಗೆಯವರು ಅವನ ಕೈಗೆ ನಾಲ್ಕು ನಾಲ್ಕು ಸ್ಟೀಲ್ ತಟ್ಟೆ ಕೊಟ್ಟು ಅತ್ತಲಿಂದ ಇತ್ತ ಇಡಿಸಿದರು. ಒಂದು ತಾಸು ಬೇಸರವಿಲ್ಲದೆ ಮಾಡಿದ, ಒಂದನ್ನೂ ಸದ್ದು ಮಾಡದೆ ಇಟ್ಟ. ಕಾಯಕದ ಮಹತ್ವ ಹೇಳುವ ನಾವು ಈ ಮಕ್ಕಳಿಗೆ ಕೊಡುವುದು ಬರಿಯ ಕನಿಕರ. ಅವರಿಗೆ ಒಪ್ಪುವ ಕೆಲಸ ಕೊಟ್ಟು ನೋಡಿ.

ಮಠಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಮಠಗಳಿಗೆ ಇದು ಭಾರವೇ? ಪ್ರವಚನ, ಜಾತ್ರೆ, ಶರಣ ಮೇಳಗಳಲ್ಲಿ ಒಂದು ಕೋಣೆ ಈ ಮಕ್ಕಳಿಗಿರಲಿ. ಮೈಕಿನ ಸದ್ದು ಸೇರದ, ಮಂದ ಬೆಳಕಿನ, ಒಂದು ಚಾಪೆ ಹಾಸಿದ ಕೋಣೆ. ಸ್ಪೀಕರ್‌ಗಳು ಎಲ್ಲಿವೆ, ಸದ್ದು ಕಡಿಮೆ ಇರುವ ಸಾಲು ಯಾವುದು ಎಂದು ಸ್ವಯಂಸೇವಕರಿಗೆ ಗೊತ್ತಿರಲಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಂದ ಹುಡುಗನನ್ನು “ಮಠದಾಗ ಹಾಡು ಕೇಳ್ತೀಯೇನೋ?” ಎಂದು ಯಾರೂ ಗದರದಿರಲಿ, ಅದು ಸದ್ದು ತಡೆಯಲು ಹಾಕಿದ್ದು. ಮಠದ ಶಾಲೆಗಳ ಶಿಕ್ಷಕರಿಗೆ ವರ್ಷಕ್ಕೆರಡು ದಿನ ತರಬೇತಿ ಕೊಡಿಸಿ. ನನಗೆ ಯಾರಾದರೂ ಆ ಎರಡು ದಿನ ಕಲಿಸಿದ್ದರೆ ಆ ಹುಡುಗ ನಾಲ್ಕನೆಯ ತರಗತಿಗೆ ಬರುತ್ತಿದ್ದನೇನೋ. ವೈದ್ಯಕೀಯ, ಫಿಸಿಯೋಥೆರಪಿ ಕಾಲೇಜು ನಡೆಸುವ ದೊಡ್ಡ ಸಂಸ್ಥೆಗಳು ತಾಲ್ಲೂಕು ಮಟ್ಟದಲ್ಲಿ ವಾರಕ್ಕೊಂದು ದಿನವಾದರೂ ಥೆರಪಿಸ್ಟ್‌ಗಳನ್ನು ಕಳುಹಿಸಲಿ. ಪ್ರತಿ ಸಲ ಬಸ್ಸು ಹತ್ತಿ ಜಿಲ್ಲೆಗೆ ಹೋಗುವುದೇ ಈ ಮಕ್ಕಳಿಗೆ ದೊಡ್ಡ ಶಿಕ್ಷೆ.

ಒಂದು ಮಗುವಿಗಾಗಿ ಸಾವಿರ ಜನ ಏಕೆ ಸದ್ದು ಕಡಿಮೆ ಮಾಡಿಕೊಳ್ಳಬೇಕು ಎಂದು ಒಬ್ಬ ಸ್ನೇಹಿತರು ನನ್ನನ್ನು ಕೇಳಿದರು. ಒಬ್ಬನೇ ಅಲ್ಲ. ಬಾಣಂತಿ, ಹಸುಗೂಸು, ಹೃದಯದ ತೊಂದರೆಯ ಹಿರಿಯರು, ಕಿವಿಯ ಯಂತ್ರ ಹಾಕಿಕೊಂಡವರು ಎಲ್ಲ ಆ ಸಭೆಯಲ್ಲಿ ಇರುತ್ತಾರೆ, ಅವರು ಚೀರುವುದಿಲ್ಲ ಅಷ್ಟೇ. ಧ್ವನಿವರ್ಧಕಕ್ಕೆ 2000ನೇ ಇಸವಿಯಿಂದ ಕೇಂದ್ರದ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ನಮ್ಮ ಜಾತ್ರೆಯ ಡಿಜೆಗಳು ಆ ಗಡಿಯನ್ನು ದಾಟಿ ಎಷ್ಟೋ ವರ್ಷವಾಯಿತು. ತೇರಿನ ಮುಂದೆ ಡೊಳ್ಳು ಬೇಡ ಎನ್ನುತ್ತಿಲ್ಲ. ಡೊಳ್ಳು ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಮೊದಲೇ ಹೇಳಿದರೆ ತಾಯಿ ತನ್ನ ಮಗುವನ್ನು ಅದಕ್ಕೆ ತಯಾರು ಮಾಡುತ್ತಾಳೆ, ಇಲ್ಲವೇ ಆ ಹೊತ್ತಿಗೆ ದೂರ ಇರುತ್ತಾಳೆ. ಇನ್ನೊಂದು ಪ್ರಶ್ನೆಯೂ ಬಂತು: ಮಗುವನ್ನು ಮನೆಯಲ್ಲಿ ಬಿಟ್ಟು ಬರಬಹುದಲ್ಲ? ಬಿಟ್ಟು ಬರಬಹುದು. ಆಗ ತಾಯಿಯೂ ಮನೆಯಲ್ಲಿ ಇರಬೇಕು. ಹತ್ತು ವರ್ಷ ಹೀಗೆ ಒಳಗೆ ಉಳಿದವಳಿಗೆ ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಸ್ಥಾನವಿತ್ತು ಎಂದು ಯಾವ ಬಾಯಿಂದ ಹೇಳುವುದು?

ಹೋದ ತಿಂಗಳು ಆ ಮಠದ ಪೂಜ್ಯರನ್ನು ಕಂಡು ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಅವತ್ತು ನಮ್ಮನ್ನು ಹೊರಗೆ ಕಳಿಸಿದ ಹಿರಿಯರೂ ಅಲ್ಲಿಯೇ ಇದ್ದರು. ಅವರು ನನ್ನ ಮುಖ ನೋಡಲಿಲ್ಲ, ಆದರೆ ಹೊರಡುವಾಗ ಬಾಗಿಲವರೆಗೆ ಬಂದು, ತಮ್ಮ ತಮ್ಮನ ಮೊಮ್ಮಗಳೂ ಮಾತಾಡುವುದಿಲ್ಲ, ನಾಲ್ಕು ವರ್ಷವಾಯಿತು, ಎಲ್ಲಿ ತೋರಿಸಬೇಕು ಎಂದು ಕೇಳಿದರು. ಧಾರವಾಡದ ವಿಳಾಸ ಬರೆದುಕೊಟ್ಟೆ.

ಈ ಶ್ರಾವಣಕ್ಕೆ ಗ್ರಂಥಾಲಯದ ಹಿಂದಿನ ಕೋಣೆಯನ್ನು ತೆರವು ಮಾಡಿಕೊಡಲು ಪೂಜ್ಯರು ಒಪ್ಪಿದ್ದಾರೆ. ಅಲ್ಲಿರುವ ಹಳೆಯ ಕುರ್ಚಿಗಳನ್ನು ಎಲ್ಲಿಡಬೇಕು, ಕೋಣೆಯ ಕೀಲಿ ಯಾರ ಹತ್ತಿರ ಇರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಗಳಿಗೆ ಫೋನು ಮಾಡಿ ಹೇಳಿದೆ. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. “ಆ ಖೋಲ್ಯಾಗ ಟ್ಯೂಬ್‌ಲೈಟ್ ಐತೇನು?” ಎಂದು ಕೇಳಿದಳು. ನೋಡಿ ಹೇಳುತ್ತೇನೆ ಎಂದಿದ್ದೇನೆ.